ಸೋತೆ ಅಂದ ಮೇಲೂ ಹಾರಿದ ಕಲ್ಲು

ಮಕ್ಕಳೇ, ಹೋದ ಭಾನುವಾರ ನಮ್ಮ ಮನೆ ಜಗಲಿಯ ಮೇಲೆ ಒಂದು ಯುದ್ಧ ನಡೆಯಿತು.

ಕೋಟೆ ಕಟ್ಟಿದವಳು ಒಂದನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ. ಬೆಂಕಿಪೊಟ್ಟಣ, ಖಾಲಿ ಡಬ್ಬಿ, ಅವಳಜ್ಜಿಯ ಮಸಾಲೆ ಬಟ್ಟಲು ಎಲ್ಲ ಸೇರಿಸಿ ಬೆಳಿಗ್ಗೆಯಿಂದ ಕಟ್ಟಿದ್ದಳು. ಮುತ್ತಿಗೆ ಹಾಕಿದವನು ಏಳನೇ ತರಗತಿಯ ಅವಳ ಅಣ್ಣ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಐಸ್‌ಕ್ರೀಂ ಕಡ್ಡಿ, ದಾರ, ಹಳೆಯ ಬ್ಯಾಟರಿ ಸೆಲ್ಲುಗಳಿಂದ ಅವನು ಕಲ್ಲೆಸೆಯುವ ಯಂತ್ರ ಮಾಡಿದ್ದ. ಕಲ್ಲಿನ ಬದಲು ಗೋಲಿ.

ಎರಡು ಗೋಲಿ ಬಿದ್ದವು. ಎರಡು ಬುರುಜು ಉರುಳಿದವು. ಪುಟ್ಟಿ ಉಳಿದ ಕೋಟೆಗೆ ಕೈ ಅಡ್ಡ ಹಿಡಿದು, "ಸಾಕಣ್ಣಾ, ನಾನು ಸೋತೆ" ಅಂದಳು. ಅಣ್ಣ ಆಗತಾನೆ ಯಂತ್ರಕ್ಕೆ ಇನ್ನೊಂದು ಸೆಲ್ಲು ಕಟ್ಟಿ ಮುಗಿಸಿದ್ದ. "ಕೈ ತೆಗಿ, ಇದೊಂದು ಹೊಡೆದು ನೋಡ್ತೀನಿ" ಅಂದ. ಹೊಡೆದ. ಕೋಟೆ ಪೂರ್ತಿ ಚೆಲ್ಲಾಪಿಲ್ಲಿಯಾಯಿತು. ಪುಟ್ಟಿ ಅಳುತ್ತಾ ಒಳಗೋಡಿದಳು.

ನಾನೇನು ಮಾಡುತ್ತಿದ್ದೆ ಅಂತೀರಾ? ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ, "ಭಲೇ!" ಎಂದು ಚಪ್ಪಾಳೆ ತಟ್ಟಿದೆ.

ರಾತ್ರಿ ಊಟವಾದ ಮೇಲೆ ಮೊಮ್ಮಗ ಕೇಳಿದ, "ತಾತ, ನಿಜವಾದ ಕೋಟೆ ಒಡೆಯೋಕೂ ಇಂಥ ಯಂತ್ರ ಇತ್ತಾ?" ಪುಟ್ಟಿ ಅಜ್ಜಿಯ ಮಡಿಲಿಂದ ಮುಖ ಎತ್ತಲಿಲ್ಲ. ಆದರೆ ಅವಳ ಕಿವಿ ಇತ್ತ ಕಡೆಯೇ ಇತ್ತು. ನನಗೆ ಸ್ಟರ್ಲಿಂಗ್ ಕೋಟೆಯ ಕಥೆ ನೆನಪಾಯಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬ್ರಿಟನ್ ದ್ವೀಪದ ಉತ್ತರ ಭಾಗದಲ್ಲಿ ಸ್ಕಾಟ್‌ಲೆಂಡ್ ಎಂಬ ನಾಡಿದೆ. ಅಲ್ಲಿ ಫೋರ್ತ್ ಎಂಬ ನದಿ, ನದಿಯ ಹತ್ತಿರ ಕಡಿದಾದ ಬಂಡೆ, ಬಂಡೆಯ ನೆತ್ತಿಯ ಮೇಲೆ ಸ್ಟರ್ಲಿಂಗ್ ಕೋಟೆ. ಆ ಕಾಲದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಮುಖ್ಯ ದಾರಿ ಅಲ್ಲಿಯ ಸೇತುವೆಯ ಮೇಲೇ ಹಾದುಹೋಗುತ್ತಿತ್ತು. ಕೋಟೆ ಯಾರ ಕೈಲಿದೆಯೋ ಆ ನಾಡಿನ ಬೀಗದ ಕೈ ಅವರ ಬಳಿ ಇದ್ದಂತೆ.

1286ರಲ್ಲಿ ಅಲ್ಲಿಯ ರಾಜ ಸತ್ತ. ಪಟ್ಟಕ್ಕೆ ಬರಬೇಕಿದ್ದ ಪುಟ್ಟ ಮೊಮ್ಮಗಳೂ 1290ರಲ್ಲಿ ತೀರಿಕೊಂಡಳು. ಮುಂದೆ ಯಾರು ರಾಜ? ಜಗಳ ಬೇಡವೆಂದು ಪಕ್ಕದ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನನ್ನು ತೀರ್ಪು ಹೇಳಲು ಕರೆದರು. ಪಂಚಾಯಿತಿಗೆ ಬಂದವನು ಮನೆಗೇ ಯಜಮಾನನಾಗಲು ಹೊರಟ. 1296ರಲ್ಲಿ ದಂಡೆತ್ತಿ ಬಂದ. ಸ್ಕಾಟ್ ಜನ ತಿರುಗಿಬಿದ್ದರು. 1297ರಲ್ಲಿ ಅದೇ ಸೇತುವೆಯ ಬಳಿ ವಿಲಿಯಂ ವಾಲೇಸ್ ಮತ್ತು ಅವನ ಜೊತೆಗಾರರು ಎಡ್ವರ್ಡನ ಸೈನ್ಯವನ್ನು ಸೋಲಿಸಿದರು. ಆದರೆ ಯುದ್ಧ ನಿಲ್ಲಲಿಲ್ಲ. ವರ್ಷಗಟ್ಟಲೆ ಹೋರಾಡಿ ಸೋತು ಸುಣ್ಣವಾದ ಸರದಾರರು 1304ರ ಹೊತ್ತಿಗೆ ಒಬ್ಬೊಬ್ಬರಾಗಿ ಶರಣಾದರು. ಬಗ್ಗದೆ ನಿಂತಿದ್ದ ದೊಡ್ಡ ಕೋಟೆ ಸ್ಟರ್ಲಿಂಗ್ ಒಂದೇ.

ಅದರ ಕಾವಲು ವಿಲಿಯಂ ಆಲಿಫಂಟ್ ಎಂಬವನದು. ಕೋಟೆಯನ್ನು ತನಗೆ ವಹಿಸಿದ ಒಡೆಯ ಫ್ರಾನ್ಸಿನಲ್ಲಿದ್ದಾನೆ, ಬಿಟ್ಟುಕೊಡುವ ಮುಂಚೆ ಅವನನ್ನು ಒಂದು ಮಾತು ಕೇಳಿಸುತ್ತೇನೆ ಎಂದು ಅವನು ಬೇಡಿದ. ಎಡ್ವರ್ಡ್ ಒಪ್ಪಲಿಲ್ಲ. ಏಪ್ರಿಲ್ ತಿಂಗಳಲ್ಲಿ ಮುತ್ತಿಗೆ ಶುರುವಾಯಿತು. ಒಳಗಿದ್ದವರು ನೂರು ಜನವೂ ಇರಲಿಲ್ಲ. ಹೊರಗೆ ಒಂದು ಇಡೀ ಸೈನ್ಯ, ಹತ್ತಕ್ಕೂ ಹೆಚ್ಚು ಕಲ್ಲೆಸೆಯುವ ಯಂತ್ರಗಳು.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಗೊತ್ತೇ? ಬಾವಿಯಿಂದ ನೀರೆತ್ತುವ ಏತವನ್ನು ನಿಮ್ಮ ಅಜ್ಜ ಅಜ್ಜಿ ನೋಡಿರುತ್ತಾರೆ, ಕೇಳಿ. ಒಂದು ಉದ್ದನೆಯ ಮರ, ಒಂದು ತುದಿಯಲ್ಲಿ ಭಾರ, ಇನ್ನೊಂದು ತುದಿಯಲ್ಲಿ ಬಾನಿ. ಇದೂ ಹಾಗೆಯೇ. ಮರದ ಗಿಡ್ಡ ತುದಿಗೆ ಭಾರಿ ತೂಕ, ಉದ್ದ ತುದಿಗೆ ಕವಣೆ, ಕವಣೆಯಲ್ಲಿ ಗುಂಡುಕಲ್ಲು. ಉದ್ದ ತುದಿಯನ್ನು ಕೆಳಗೆಳೆದು ಕಟ್ಟಿಹಾಕುತ್ತಾರೆ. ಕಟ್ಟು ಬಿಚ್ಚಿದರೆ ತೂಕ ದಬಕ್ಕನೆ ಇಳಿಯುತ್ತದೆ, ಮರ ಮೇಲೇಳುತ್ತದೆ, ಕವಣೆ ಬೀಸಿ ಕಲ್ಲು ಹಾರುತ್ತದೆ. ತೂಕಕ್ಕೆ ಸೀಸ ಸಾಲದೆ ಬಂದಾಗ ಎಡ್ವರ್ಡ್ ಸುತ್ತಮುತ್ತಲ ಚರ್ಚುಗಳ ಚಾವಣಿಯಿಂದಲೇ ಸೀಸ ಕೀಳಿಸಿದ.

ಅಷ್ಟಕ್ಕೂ ಅವನಿಗೆ ತೃಪ್ತಿಯಿಲ್ಲ. ಇನ್ನೂ ದೊಡ್ಡದೊಂದು ಯಂತ್ರ ಕಟ್ಟಿಸತೊಡಗಿದ. ಐವರು ಮುಖ್ಯ ಬಡಗಿಗಳು, ಜೊತೆಗೆ ಐವತ್ತರಷ್ಟು ಕೆಲಸಗಾರರು. ಅದರ ಹೆಸರು 'ವಾರ್‌ವುಲ್ಫ್', ಅಂದರೆ ಯುದ್ಧದ ತೋಳ. ರಾಣಿ ಮತ್ತು ಅವಳ ಸಖಿಯರು ಮುತ್ತಿಗೆಯನ್ನು ನೋಡಲೆಂದು ಊರಿನ ಒಂದು ಮನೆಗೆ ಕಿಟಕಿಯನ್ನೂ ಮಾಡಿಸಿದ. ಎಡ್ವರ್ಡನಿಗೆ ಆಗ 65 ವರ್ಷ. ಹೆಚ್ಚುಕಡಿಮೆ ನನ್ನದೇ ವಯಸ್ಸು.

ಮೂರು ತಿಂಗಳು ಕಳೆಯಿತು. ಒಳಗಿದ್ದವರು ಸಾಕುಸಾಕಾಗಿ ಜುಲೈ 20ರಂದು, ಸೋತೆವು, ಶರಣಾಗುತ್ತೇವೆ ಎಂದರು. ರಾಜ ಏನು ಹೇಳಿದ ಗೊತ್ತೇ? ತೋಳ ತನ್ನ ಪೆಟ್ಟು ಹೊಡೆಯುವವರೆಗೆ ನಮ್ಮವರು ಯಾರೂ ಕೋಟೆಯೊಳಗೆ ಕಾಲಿಡಬಾರದು. ಅಲ್ಲಿಯವರೆಗೆ ಒಳಗಿದ್ದವರು ತಮ್ಮ ಜೀವ ತಾವೇ ಕಾಪಾಡಿಕೊಳ್ಳಲಿ!

ಮೊಮ್ಮಗ ತಟ್ಟನೆ ಕೇಳಿದ, "ಸೋತ್ವಿ ಅಂದ್ಮೇಲೂನಾ?"

"ಹೌದಪ್ಪ, ಅಂದ ಮೇಲೂ."

ಅವನು ಸುಮ್ಮನಾದ. ಪುಟ್ಟಿ ಮಾತ್ರ ಮಡಿಲಿಂದ ಎದ್ದು ಕೂತಳು.

ತೋಳ ಕಲ್ಲೆಸೆಯಿತು. ಜುಲೈ 24ರಂದು ಕೋಟೆ ಎಡ್ವರ್ಡನ ಕೈಸೇರಿತು. ಆಲಿಫಂಟನನ್ನು ಲಂಡನ್ನಿನ ಸೆರೆಮನೆಗೆ ಕಳಿಸಿದರು. ಮರುವರ್ಷ ವಾಲೇಸನನ್ನೂ ಹಿಡಿದು ಕೊಂದರು. ಸ್ಕಾಟ್‌ಲೆಂಡಿನ ಕಥೆ ಮುಗಿಯಿತೆಂದೇ ಎಡ್ವರ್ಡ್ ತಿಳಿದ.

ಮುಗಿದಿರಲಿಲ್ಲ. ಯಾಕೆಂದರೆ ಆ ಬೇಸಿಗೆಯಲ್ಲಿ ಎಡ್ವರ್ಡನ ಕಡೆಯೇ ಇದ್ದು, ಯಂತ್ರ ಸಾಗಿಸಲೂ ನೆರವಾಗಿದ್ದ ಒಬ್ಬ ಸ್ಕಾಟ್ ಸರದಾರನಿದ್ದ. ಅವನ ಹೆಸರು ರಾಬರ್ಟ್ ಬ್ರೂಸ್. ಮುತ್ತಿಗೆ ನಡೆಯುತ್ತಿರುವಾಗಲೇ, ಜೂನ್ 11ರಂದು, ಕೋಟೆಗೆ ಕಾಣುವಷ್ಟು ಹತ್ತಿರದ ಕ್ಯಾಂಬಸ್‌ಕೆನೆತ್ ಮಠದಲ್ಲಿ ಅವನು ಸ್ಕಾಟ್‌ಲೆಂಡಿನ ಒಬ್ಬ ಬಿಷಪ್‌ನ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ: ಇನ್ನು ಮುಂದೆ ಒಬ್ಬರಿಗೊಬ್ಬರು ಆಗಿಬರಬೇಕು ಎಂದು. ಅವನ ಮನಸ್ಸಿನಲ್ಲಿ ಏನೇನಿತ್ತೋ, ಎರಡು ವರ್ಷದೊಳಗೆ, 1306ರಲ್ಲಿ, ಅವನೇ ಸ್ಕಾಟ್‌ಲೆಂಡಿನ ರಾಜನಾಗಿ ಎಡ್ವರ್ಡನ ವಿರುದ್ಧ ನಿಂತ. ಮಾರನೆಯ ವರ್ಷ ಎಡ್ವರ್ಡ್ ಸತ್ತ.

ಹತ್ತು ವರ್ಷದ ಮೇಲೆ ಅದೇ ಸ್ಟರ್ಲಿಂಗ್ ಕೋಟೆಗೆ ಸ್ಕಾಟರು ಮುತ್ತಿಗೆ ಹಾಕಿದರು. ಈಗ ಒಳಗಿದ್ದದ್ದು ಇಂಗ್ಲೆಂಡಿನ ಕಡೆಯವರು. ಈ ಸಲ ತೋಳ ಇರಲಿಲ್ಲ, ಮಾತು ಇತ್ತು. 1314ರ ಜೂನ್ 24ರೊಳಗೆ ನಿಮ್ಮ ರಾಜ ನೆರವಿಗೆ ಬಾರದಿದ್ದರೆ ಕೋಟೆ ನಮಗೆ ಎಂದು ಬ್ರೂಸನ ತಮ್ಮ ಒಪ್ಪಂದ ಮಾಡಿಕೊಂಡ. ಎಡ್ವರ್ಡನ ಮಗ ಬಹಳ ದೊಡ್ಡ ಸೈನ್ಯದೊಂದಿಗೆ ಬಂದೇಬಂದ. ಹತ್ತಿರದ ಬ್ಯಾನಕ್‌ಬರ್ನ್ ಎಂಬಲ್ಲಿ ಎರಡು ದಿನ ಕಾಳಗವಾಯಿತು. ಬ್ರೂಸನ ಚಿಕ್ಕ ಸೈನ್ಯ ಗೆದ್ದಿತು. ಕೋಟೆ ಕೈಗೆ ಬಂದಿತು. 1328ರಲ್ಲಿ ಇಂಗ್ಲೆಂಡ್ ಒಪ್ಪಂದಕ್ಕೆ ಸಹಿ ಹಾಕಿ ಸ್ಕಾಟ್‌ಲೆಂಡ್ ಸ್ವತಂತ್ರ ಎಂದು ಒಪ್ಪಿಕೊಂಡಿತು.

ಕೋಟೆ ಸಿಕ್ಕಿತಲ್ಲ, ಬ್ರೂಸ್ ಅದನ್ನೇನು ಮಾಡಿದ ಅಂತೀರಿ? ಶತ್ರು ಮತ್ತೆ ಬಂದು ಸೇರಿಕೊಳ್ಳದಿರಲಿ ಎಂದು ತಾನೇ ಒಡೆಸಿಹಾಕಿದ. ಈಗ ಅಲ್ಲಿ ಕಾಣುವ ಕೋಟೆಯ ಬಹುಭಾಗ ಆಮೇಲಿನ ರಾಜರು ಕಟ್ಟಿಸಿದ್ದು.

ಕಥೆ ಮುಗಿದಾಗ ಮಕ್ಕಳು ಮಲಗಲು ಹೋದರು. ನನಗೆ ನಿದ್ದೆ ಬರಲಿಲ್ಲ. ಆ ಕಿಟಕಿಯದೇ ಯೋಚನೆ. ಮೊಮ್ಮಗನನ್ನು ಎಡ್ವರ್ಡ್ ಎನ್ನುವುದು ಸುಲಭ. ಕುರ್ಚಿಯಲ್ಲಿ ಕೂತು ಚಪ್ಪಾಳೆ ಹೊಡೆದ ಮುದುಕ ಯಾರು? ಆ ಚಪ್ಪಾಳೆ ಪುಟ್ಟಿಯ ಕಿವಿಗೂ ಬಿದ್ದಿತ್ತಲ್ಲ.

ಬೆಳಿಗ್ಗೆ ಎದ್ದು ಅವಳಿಗೆ, "ತಪ್ಪಾಯ್ತು ಕಂದಾ, ನಾನು ನಿಲ್ಲಿಸು ಅನ್ನಬೇಕಿತ್ತು" ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಸರಿ, ಡಬ್ಬಿ ಹಿಡ್ಕೋ" ಅಂದಳು. ಅಷ್ಟರಲ್ಲಿ ಅಣ್ಣನೂ ಬಂದ. ಏನೂ ಹೇಳಲಿಲ್ಲ. ಮಂಚದ ಕೆಳಗೆ ಉರುಳಿದ್ದ ಬೆಂಕಿಪೊಟ್ಟಣಗಳನ್ನು ಹುಡುಕಿ ತಂದು ಅವಳ ಪಕ್ಕ ಇಟ್ಟ.

ಸಂಜೆ ಹೊಸ ಕೋಟೆ ಎದ್ದಿತು. ಕಾನೂನು ಪುಟ್ಟಿಯದು: ಸೋತೆ ಅಂದರೆ ಯಂತ್ರ ನಿಲ್ಲಬೇಕು. ಯಂತ್ರ ನಿಲ್ಲದಿದ್ದರೆ ತಾತ ಸೀಟಿ ಊದಬೇಕು. ಸೀಟಿ ಈಗ ನನ್ನ ಕೊರಳಲ್ಲೇ ಇದೆ. ಕುರ್ಚಿಯನ್ನು ಅವಳು ಒಳಗಿಟ್ಟಿದ್ದಾಳೆ.

ನಿಮ್ಮ ಮನೆಯ ಜಗಲಿಯಲ್ಲಿ ಸೀಟಿ ಯಾರ ಕೊರಳಲ್ಲಿದೆ, ಮಕ್ಕಳೇ?