ಸಂಶಯ ಬಂದಾಗಲೇ ವಕೀಲರನ್ನು ಕಾಣಬೇಕು

ಗಡಿಯಲ್ಲಿರುವ ಗಂಡ ಹಣಕಾಸಿನ ವಿಷಯದಲ್ಲಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಸಂಶಯ ಊರಲ್ಲಿರುವ ಹೆಂಡತಿಗೆ ಬಂದರೆ, ಆಕೆಗೆ ಸಿಗುವ ಬುದ್ಧಿಮಾತುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ‘ಪುರಾವೆ ಇಲ್ಲದೆ ವಕೀಲರ ಹತ್ತಿರ ಹೋಗಬೇಡ. ಮಿಲಿಟ್ರಿಯವರ ಮೇಲೆ ಕೇಸು ನಡೆಯುವುದಿಲ್ಲ. ಕೇಳಲೇಬೇಕೆಂದರೆ ಅವನ ಸಿ.ಓ. (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಒಂದು ಅರ್ಜಿ ಬರೆ.’ ಬೆಳಗಾವಿ, ಬಾಗಲಕೋಟೆ, ಕೊಡಗಿನ ಸೈನಿಕರ ಮನೆಗಳಲ್ಲಿ ಹೀಗೆ ಹೇಳುವವರು ಹಿತೈಷಿಗಳೇ. ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಈ ಸಲಹೆಯ ಕ್ರಮ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ. ವಕೀಲರನ್ನು ಕಾಣುವುದು ಕೊನೆಯ ಹೆಜ್ಜೆಯಲ್ಲ, ಮೊದಲನೆಯದು. ಅರ್ಜಿಗೂ ಜಗಳಕ್ಕೂ ಮುಂಚೆ, ಅಷ್ಟೇ ಏಕೆ, ಸಂಶಯವನ್ನು ಪೂರ್ತಿ ನಂಬುವುದಕ್ಕೂ ಮುಂಚೆ ಆಗಬೇಕಾದ ಕೆಲಸ ಅದು.

ಸಂಶಯ ತಪ್ಪಾಗಿರಬಹುದು ಎಂಬುದನ್ನು ನಾನೂ ಒಪ್ಪುತ್ತೇನೆ. ಸಿಯಾಚಿನ್ ಭತ್ಯೆ 2017ರಲ್ಲಿ ಜವಾನರಿಗೆ ತಿಂಗಳಿಗೆ 30,000 ರೂಪಾಯಿ, ಅಧಿಕಾರಿಗಳಿಗೆ 42,500 ಎಂದು ನಿಗದಿಯಾಯಿತು. ಅಲ್ಲಿಂದ ಇಳಿದು ಶಾಂತಿ ಠಾಣೆಗೆ ಬಂದ ತಿಂಗಳಿಂದ ಅಷ್ಟೂ ಹಣ ನಿಲ್ಲುತ್ತದೆ. ಭವಿಷ್ಯ ನಿಧಿ, ಗುಂಪು ವಿಮೆ, ಮನೆ ಕಟ್ಟಲು ಪಡೆದ ಮುಂಗಡದ ಕಂತು ಎಲ್ಲವೂ ಸಂಬಳದಲ್ಲೇ ಕಡಿತವಾಗುತ್ತವೆ. ಊರಿಗೆ ಬರುವ ಹಣ ಇದ್ದಕ್ಕಿದ್ದಂತೆ ಅರ್ಧವಾದರೆ ಅದರ ಹಿಂದೆ ಮೋಸವೇ ಇರಬೇಕಾಗಿಲ್ಲ. ಆದರೆ ಈ ಕಾರಣಕ್ಕಾಗಿಯೇ ಪೇ ಸ್ಲಿಪ್ ಓದಬಲ್ಲ ಮೂರನೆಯವರೊಬ್ಬರು ಬೇಕು ಎನ್ನುತ್ತೇನೆ. ಸಂಬಂಧಿಕರ ನಡುವೆ ಚರ್ಚೆಯಾದ ಸಂಶಯ ವಾರದೊಳಗೆ ಆರೋಪವಾಗಿಬಿಡುತ್ತದೆ. ವಕೀಲರಿಗೆ ಹೇಳಿದ ಮಾತನ್ನು ಅವರು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಸಾಕ್ಷ್ಯ ಕಾನೂನೇ ಅದನ್ನು ನಿರ್ಬಂಧಿಸಿದೆ. ಗಂಡನ ಮಾನ ಉಳಿಯಬೇಕೆಂಬ ಕಾಳಜಿ ಇರುವವರಿಗೂ ಚಾವಡಿಗಿಂತ ವಕೀಲರ ಕಚೇರಿಯೇ ಸುರಕ್ಷಿತ.

ಇನ್ನು ಪುರಾವೆ. ಬ್ಯಾಂಕಿನಿಂದ ಮನೆಗೆ ಬಂದ ಸಾಲದ ನೋಟಿಸು, ಲಾಕರಿನಲ್ಲಿ ಕಾಣದ ಬಳೆ, ಫೋನಿನಲ್ಲಿ ಅವನೇ ಆಡಿದ ಮಾತು: ಇವುಗಳಲ್ಲಿ ಯಾವುದು ಕೋರ್ಟಿನಲ್ಲಿ ನಿಲ್ಲುತ್ತದೆ? ಗಂಡ ಹೆಂಡತಿಗೆ ಖಾಸಗಿಯಾಗಿ ಹೇಳಿದ್ದಕ್ಕೆ ಕಾನೂನಿನ ರಕ್ಷಣೆಯಿದೆ. ಆದರೆ ಆಕೆ ಕಣ್ಣಾರೆ ಕಂಡ ನಡವಳಿಕೆಗೆ ಆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು 1954ರಲ್ಲೇ, ರಾಮ್ ಭರೋಸೆ ಪ್ರಕರಣದಲ್ಲಿ ಹೇಳಿದೆ. ದಂಪತಿಗಳ ನಡುವಣ ವ್ಯಾಜ್ಯದಲ್ಲಿ ಗುಟ್ಟಾಗಿ ಧ್ವನಿಮುದ್ರಿಸಿದ ಸಂಭಾಷಣೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಅದೇ ನ್ಯಾಯಾಲಯ 2025ರ ಜುಲೈನಲ್ಲಿ ತೀರ್ಪಿತ್ತಿತು. ಇಷ್ಟು ಸೂಕ್ಷ್ಮವಾದ ಗೆರೆಗಳನ್ನು ಒಬ್ಬಳೇ ಕುಳಿತು ಗುರುತಿಸು, ಆಮೇಲೆ ವಕೀಲರ ಹತ್ತಿರ ಹೋಗು ಎನ್ನುವುದು ನ್ಯಾಯವಾದ ಮಾತಲ್ಲ. ಅಪಾಯವೂ ಇದೆ. ಪುರಾವೆ ಹುಡುಕುವ ಆತುರದಲ್ಲಿ ಗಂಡನ ಪಾಸ್‌ವರ್ಡ್ ಬಳಸಿ ಅವನ ಖಾತೆಯೊಳಗೆ ಹೋದವಳು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಾನೇ ಆರೋಪಿಯಾಗಬಹುದು. ಅದರ ಅಗತ್ಯವೂ ಬಹಳ ಸಲ ಇರುವುದಿಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ರಜನೀಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕಡ್ಡಾಯ ಮಾಡಿದೆ. ಪ್ರಮಾಣಪತ್ರದಲ್ಲಿ ಸುಳ್ಳು ಬರೆಯುವವರಿಲ್ಲವೇ? ಇದ್ದಾರೆ. ಆದರೆ ಮನೆಯಲ್ಲಿ ಹೇಳಿದ ಸುಳ್ಳಿಗೂ ಪ್ರಮಾಣ ಮಾಡಿ ಬರೆದ ಸುಳ್ಳಿಗೂ ಕಾನೂನಿನಲ್ಲಿ ಬಹಳ ಅಂತರವಿದೆ.

‘ಯೋಧನ ಮೇಲೆ ಏನೂ ನಡೆಯುವುದಿಲ್ಲ’ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. 1950ರ ಸೇನಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಸಿವಿಲ್ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ವಿಶೇಷ ಪರಿಸ್ಥಿತಿಯಲ್ಲಿ ಅಥವಾ ಯುದ್ಧಭೂಮಿಯಲ್ಲಿ ಸೇವೆಯಲ್ಲಿರುವವನ ವಿರುದ್ಧದ ಸಿವಿಲ್ ದಾವೆಯನ್ನು ಮುಂದೂಡಲು 1925ರ ಕಾಯ್ದೆಯೊಂದು ಅವಕಾಶ ಕೊಡುತ್ತದೆ. ಇವೆರಡೂ ನ್ಯಾಯಸಮ್ಮತವಾದ ರಕ್ಷಣೆಗಳೇ. ಬಂಕರಿನಲ್ಲಿರುವವನಿಗೆ ಸಮನ್ಸ್ ತಲುಪಲಿಲ್ಲವೆಂಬ ಕಾರಣಕ್ಕೆ ಅವನು ಮನೆ ಕಳೆದುಕೊಳ್ಳಬಾರದು. ಆದರೆ ಸಂಬಳಕ್ಕೆ ಇರುವ ರಕ್ಷಣೆಯನ್ನು ಹೊಣೆಗಾರಿಕೆಯಿಂದ ಸಿಕ್ಕ ವಿನಾಯಿತಿ ಎಂದು ಓದುವುದು ತಪ್ಪು. ಸೇನಾ ಕಾಯ್ದೆಯದೇ 90 ಮತ್ತು 91ನೇ ಸೆಕ್ಷನ್‌ಗಳು ಹೆಂಡತಿ ಮಕ್ಕಳ ಜೀವನಾಂಶಕ್ಕಾಗಿ ಸಂಬಳದಲ್ಲಿ ಕಡಿತ ಮಾಡುವ ಅಧಿಕಾರವನ್ನು ಸೇನೆಗೇ ಕೊಟ್ಟಿವೆ. ಹೆಂಡತಿಗೆ ವೇತನ-ಭತ್ಯೆಗಳ ಶೇ. 22ರವರೆಗೆ, ಮಕ್ಕಳೂ ಸೇರಿದರೆ ಒಟ್ಟು ಶೇ. 33ರವರೆಗೆ ಎಂದು 2001ರ ಸೇನಾ ಆದೇಶ ಮಿತಿ ಹಾಕಿದೆ. ಕೋರ್ಟಿಗೇ ಹೋಗಬೇಕಾದರೂ ಗಂಡ ಲೇಹ್‌ನಲ್ಲಿದ್ದಾನೆಂದು ಹೆಂಡತಿ ಅಲ್ಲಿಗೆ ಹೋಗಬೇಕಾಗಿಲ್ಲ. ಜೀವನಾಂಶದ ಅರ್ಜಿಯನ್ನು ತಾನು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಬಹುದು.

ಹಾಗಾದರೆ ಸಿ.ಓ.ಗೆ ಅರ್ಜಿ ಬರೆಯುವುದೇ ಸುಲಭವಲ್ಲವೇ ಎಂದು ನೀವು ಕೇಳಬಹುದು. ಬಹಳಷ್ಟು ಸಂದರ್ಭಗಳಲ್ಲಿ ಹೌದು. ಖರ್ಚಿಲ್ಲ, ಅಲೆದಾಟವಿಲ್ಲ, ಸಂಬಳ ಎಲ್ಲಿಂದ ಹೊರಡುತ್ತದೋ ಅಲ್ಲೇ ಕಡಿತ. ಆದರೆ ನನ್ನ ಮುಖ್ಯ ತಕರಾರು ಇರುವುದೂ ಇಲ್ಲೇ. ಕಮಾಂಡಿಂಗ್ ಆಫೀಸರ್ ಕುಟುಂಬದ ಹಿರಿಯನಂತೆ ಕಂಡರೂ ಕಾನೂನಿನ ದೃಷ್ಟಿಯಲ್ಲಿ ಅವರು ಶಿಸ್ತಿನ ಅಧಿಕಾರಿ. ‘ಮನೆಗೆ ಹಣ ಕಳಿಸುತ್ತಿಲ್ಲ, ಮಕ್ಕಳ ಫೀಸು ಕಟ್ಟಲಾಗುತ್ತಿಲ್ಲ’ ಎಂಬ ಅರ್ಜಿ ಜೀವನಾಂಶದ ಕಡತವಾಗುತ್ತದೆ. ‘ಸುಳ್ಳು ಬಿಲ್ಲು ಕೊಟ್ಟು ಪ್ರಯಾಣ ಭತ್ಯೆ ಪಡೆದಿದ್ದಾನೆ, ಮೆಸ್ಸಿನ ಹಣ ತಿಂದಿದ್ದಾನೆ’ ಎಂಬ ಒಂದು ಸಾಲು ಅದೇ ಅರ್ಜಿಗೆ ಸೇರಿದರೆ ಅದು ಬೇರೆಯೇ ದಾರಿ ಹಿಡಿಯುತ್ತದೆ. ಸರ್ಕಾರಿ ಹಣದ ದುರುಪಯೋಗ ಮತ್ತು ವಂಚನೆಗೆ ಸೇನಾ ಕಾಯ್ದೆಯ 52ನೇ ಸೆಕ್ಷನ್ ಅಡಿ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆ ಕಾಯ್ದೆಯಡಿ ಸೇವೆಯಿಂದ ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿ ಇಲ್ಲ. ಜವಾನನೊಬ್ಬನ ಪಿಂಚಣಿಗೆ 15 ವರ್ಷ ಸೇವೆ ಬೇಕು. 14ನೇ ವರ್ಷದಲ್ಲಿರುವವನ ಮನೆಯಿಂದ ಸಿಟ್ಟಿನಲ್ಲಿ ಹೊರಟ ಪತ್ರದ ಪರಿಣಾಮವನ್ನು ಊಹಿಸಿ. ಯಾವ ಸಂಬಳದಿಂದ ಜೀವನಾಂಶ ಬರಬೇಕಿತ್ತೋ ಅದೇ ನಿಂತುಹೋಗುತ್ತದೆ. ಕಳುಹಿಸಿದ ದೂರನ್ನು ಹಿಂತೆಗೆದುಕೊಂಡರೂ ತನಿಖೆ ನಿಲ್ಲಲೇಬೇಕೆಂಬ ನಿಯಮವಿಲ್ಲ.

ಇದನ್ನು ಅಪರಾಧ ಮುಚ್ಚಿಡಲು ಕೊಟ್ಟ ಸಲಹೆ ಎಂದು ದಯವಿಟ್ಟು ಓದಬೇಡಿ. ಸಹ ಸೈನಿಕರ ಹಣಕ್ಕೆ ಕೈಹಾಕಿದವನ ವಿಷಯ ಹೊರಬರಬೇಕು. ಅದಕ್ಕೆ ತೆರಬೇಕಾದ ಬೆಲೆಯನ್ನು ತಿಳಿದೂ ದೂರು ಕೊಡುವ ಹೆಂಡತಿಯ ಬಗ್ಗೆ ನನಗೆ ಗೌರವವಿದೆ. ನನ್ನ ವಾದ ಇಷ್ಟೇ: ಆ ನಿರ್ಧಾರ ಆಕೆ ಅರಿತು ಮಾಡಿದ್ದಾಗಿರಬೇಕು. ಅಗತ್ಯವನ್ನು ಹೇಳುವ ಅರ್ಜಿ ಬೇರೆ, ಆರೋಪ ಹೊರಿಸುವ ಅರ್ಜಿ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವ ಮುನ್ನ ಕಾನೂನು ಬಲ್ಲವರೊಬ್ಬರು ಅದನ್ನು ಓದಿರಬೇಕು.

‘ಹೆಂಡತಿಗೆ ಏನೂ ಗೊತ್ತಿಲ್ಲದಿದ್ದರೆ ಅವಳು ಕ್ಷೇಮ’ ಎಂಬ ಮಾತನ್ನು ಓದಿಕೊಂಡವರೂ ಹೇಳುತ್ತಾರೆ. ಗಂಡನ ಸಾಲಕ್ಕೆ ಹೆಂಡತಿ ತಾನಾಗಿ ಹೊಣೆಯಲ್ಲ ಎಂಬುದು ನಿಜ. ಆದರೆ ‘ಇಲ್ಲೊಂದು ಸಹಿ ಹಾಕು’ ಎಂದಾಗ ಓದದೆ ಜಾಮೀನುದಾರಳಾಗಿ ಸಹಿ ಮಾಡಿದವಳು ಸಾಲಗಾರನಷ್ಟೇ ಹೊಣೆಗಾರಳು. ಹೆಂಡತಿಯ ಹೆಸರಿನಲ್ಲಿ ಕೊಂಡ ನಿವೇಶನಕ್ಕೆ ಬೇನಾಮಿ ಕಾನೂನಿನಿಂದ ವಿನಾಯಿತಿ ಸಿಗುವುದು ಹಣದ ಮೂಲ ಗೊತ್ತಿದ್ದರೆ ಮಾತ್ರ. ಸರ್ಕಾರಿ ನೌಕರನ ಅಕ್ರಮ ಆಸ್ತಿಗೆ ನೆರವಾದ ಆರೋಪದ ಮೇಲೆ ನೌಕರರಲ್ಲದವರನ್ನೂ ವಿಚಾರಣೆಗೆ ಒಳಪಡಿಸಬಹುದೆಂದು ನಲ್ಲಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ. ತನಗೆ ತಿಳಿದಿರಲಿಲ್ಲ ಎಂಬ ಉತ್ತರ ಕೆಲವೊಮ್ಮೆ ನಿಲ್ಲುತ್ತದೆ. ಆದರೆ ದಾಖಲೆಗಳ ಮೇಲೆಲ್ಲ ತನ್ನದೇ ಸಹಿ ಇರುವಾಗ ಅದನ್ನು ನಂಬಿಸುವುದು ಕಷ್ಟ.

ಇಷ್ಟಾದರೂ, ವಕೀಲರ ಮೆಟ್ಟಿಲು ಹತ್ತಿದರೆ ವಿಚ್ಛೇದನದಲ್ಲೇ ಮುಗಿಯುತ್ತದೆ ಎಂಬ ಭಯ ಉಳಿಯುತ್ತದೆ. ಸಣ್ಣ ಬಿರುಕನ್ನು ದೊಡ್ಡದು ಮಾಡುವ ವಕೀಲರು ಇಲ್ಲವೆಂದು ನಾನು ಹೇಳಲಾರೆ. ಆದರೆ ಕಾನೂನು ಸ್ವತಃ ಅಷ್ಟು ಅವಸರ ಮಾಡುವುದಿಲ್ಲ. 2005ರ ಗೃಹಹಿಂಸೆ ತಡೆ ಕಾಯ್ದೆ ಆರ್ಥಿಕ ಕಿರುಕುಳವನ್ನೂ ಹಿಂಸೆಯೆಂದೇ ಗುರುತಿಸುತ್ತದೆ. ಜಂಟಿ ಖಾತೆಯನ್ನು ಖಾಲಿ ಮಾಡದಂತೆ, ಲಾಕರ್ ತೆರೆಯದಂತೆ, ಆಸ್ತಿ ಮಾರದಂತೆ ಆದೇಶ ಕೊಡಲು ಅದರಲ್ಲಿ ಅವಕಾಶವಿದೆ, ಅದಕ್ಕೆ ಮದುವೆ ಮುರಿಯಬೇಕಾಗಿಲ್ಲ. ತವರಿನ ಚಿನ್ನ ಹೆಂಡತಿಯ ಸ್ವಂತ ಸೊತ್ತು. ಕಷ್ಟಕಾಲದಲ್ಲಿ ಗಂಡ ಬಳಸಿದರೂ ಹಿಂತಿರುಗಿಸಲು ಬದ್ಧ ಎಂದು 2024ರ ಏಪ್ರಿಲ್‌ನಲ್ಲಿ, ಕೇರಳದ ದಂಪತಿಯ 89 ಪವನ್ ಚಿನ್ನದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. (ಹೆಂಡತಿಯೇ ಸೇನಾಧಿಕಾರಿಯಾಗಿರುವ ಮನೆಗಳೂ ಈಗ ಇವೆ. ಗೃಹಹಿಂಸೆ ಕಾಯ್ದೆಯ ರಕ್ಷಣೆ ಗಂಡನಿಗೆ ಇಲ್ಲ. ಇಲ್ಲಿನ ಉಳಿದ ತರ್ಕ ಬಹುಮಟ್ಟಿಗೆ ಅವನಿಗೂ ಸಲ್ಲುತ್ತದೆ.)

ಫೀಸು ಕೊಡಲು ಹಣವಿಲ್ಲ ಎಂಬುದು ತಡೆಯಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. 2025ರ ಜುಲೈ 26ರಂದು ಶ್ರೀನಗರದಲ್ಲಿ ಆರಂಭವಾದ ವೀರ ಪರಿವಾರ ಸಹಾಯತಾ ಯೋಜನೆಯಡಿ ಸೈನಿಕ ಮಂಡಳಿಗಳಲ್ಲೂ ಕಾನೂನು ನೆರವು ಕೇಂದ್ರಗಳ ವ್ಯವಸ್ಥೆಯಾಗುತ್ತಿದೆ. ಅದು ಒಳ್ಳೆಯ ಯೋಜನೆ. ಆದರೆ ಅಲ್ಲಿ ನೆರವು ಕೇಳುವ ಹಕ್ಕು ಗಂಡನಿಗೂ ಇದೆ. ವ್ಯಾಜ್ಯ ಇವರಿಬ್ಬರ ನಡುವಿನದೇ ಆದಾಗ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಅಥವಾ ತಾಲ್ಲೂಕು ಸಮಿತಿಗೆ ನೇರವಾಗಿ ಹೋಗುವುದು ಲೇಸು. ಹೋಗುವಾಗ ಕೈಗೆ ಸಿಕ್ಕಷ್ಟು ಪೇ ಸ್ಲಿಪ್, ಪಾಸ್‌ಬುಕ್, ಬ್ಯಾಂಕಿನ ನೋಟಿಸುಗಳನ್ನು ಒಯ್ಯಿರಿ. ಸಹಿ ಹಾಕೆಂದು ಕಳಿಸಿದ ಕಾಗದವಿದ್ದರೆ ಸಹಿ ಮಾಡದೆ ಅದನ್ನೂ ಒಯ್ಯಿರಿ. ಫೋನಿನಲ್ಲೇ ವಿಚಾರಿಸುವವರಿಗೆ ಕಾನೂನು ಸೇವೆಗಳ ಸಹಾಯವಾಣಿ 15100.