ರೋಲಾಂಡನನ್ನು ಕೊಂದದ್ದು ಯಾರು? ಶತ್ರುವನ್ನು ಬದಲಿಸಿಕೊಂಡ ಒಂದು ಐತಿಹ್ಯದ ಕತೆ

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಒಬ್ಬ ಬಂದೂಕುಧಾರಿ ಎರಡು ಮಸೀದಿಗಳ ಮೇಲೆ ದಾಳಿ ಮಾಡಿ 51 ಜನರನ್ನು ಕೊಂದ. ಅವನ ಬಂದೂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದಷ್ಟು ಹೆಸರು, ಇಸವಿಗಳನ್ನು ಬರೆಯಲಾಗಿತ್ತು. ಅದರಲ್ಲಿ ಚಾರ್ಲ್ಸ್ ಮಾರ್ಟೆಲ್ ಹೆಸರೂ ಇತ್ತು. 732ರಲ್ಲಿ ಫ್ರಾನ್ಸಿನ ನೆಲದಲ್ಲಿ ಅರಬ್ ಸೇನೆಯನ್ನು ಸೋಲಿಸಿದ ಸೇನಾನಿ ಅವನು. ಮುಂದೆ ಚಕ್ರವರ್ತಿಯಾದ ಷಾರ್ಲಮಾನ್‌ನ ತಾತ.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲೂ ಕ್ರುಸೇಡ್ ಕಾಲದ ಶಿಲುಬೆ, ಘೋಷಣೆಗಳು ಕಂಡವು. 2025ರ ಜನವರಿಯಲ್ಲಿ ಅದೇ ದೇಶದ ರಕ್ಷಣಾ ಕಾರ್ಯದರ್ಶಿಯಾದ ಪೀಟ್ ಹೆಗ್‌ಸೆತ್ ತೋಳಿನ ಮೇಲೆ 'ಡೀಯಸ್ ವುಲ್ಟ್' ಎಂಬ ಹಚ್ಚೆ ಇದೆ. 'ಇದು ದೇವರ ಇಚ್ಛೆ' ಅಂತ ಅದರ ಅರ್ಥ, ಕ್ರುಸೇಡ್ ಯೋಧರ ಕೂಗು ಅದು. ಅವರು 2020ರಲ್ಲಿ ಬರೆದ ಪುಸ್ತಕದ ಹೆಸರೇ 'ಅಮೆರಿಕನ್ ಕ್ರುಸೇಡ್'.

ಒಬ್ಬ ಕೊಲೆಗಾರ, ಒಂದು ದೊಂಬಿ, ಒಬ್ಬ ಮಂತ್ರಿ: ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಮೂವರೂ ಕೈಹಾಕಿದ್ದು ಒಂದೇ ಪೆಟ್ಟಿಗೆಗೆ. ಮಧ್ಯಯುಗದ ವೀರರ ಕತೆಗಳ ಪೆಟ್ಟಿಗೆ ಅದು. 'ನಾವು' ಒಂದು ಕಡೆ, 'ಅವರು' ಇನ್ನೊಂದು ಕಡೆ, ನಡುವೆ ಸಾವಿರ ವರ್ಷದ ಯುದ್ಧ, ಇದೇ ಅದರ ಚೌಕಟ್ಟು. ಈ ಚೌಕಟ್ಟನ್ನು ಯಾರು, ಯಾವಾಗ ಕೂರಿಸಿದರು? ಯುರೋಪಿನಲ್ಲಿ ಅತಿ ಹೆಚ್ಚು ಸಲ ಮರುಹೇಳಿದ ಕತೆಗಳಲ್ಲಿ ಒಂದಾದ ರೋಲಾಂಡನ ಕತೆಯನ್ನು ಹಿಡಿದು ಹೋದರೆ ಉತ್ತರ ಸಿಗುತ್ತದೆ.

ನಡೆದದ್ದು ಇಷ್ಟು

778ರಲ್ಲಿ ಫ್ರಾಂಕರ ದೊರೆ ಷಾರ್ಲಮಾನ್ ಪಿರನೀಸ್ ಬೆಟ್ಟ ದಾಟಿ ಸ್ಪೇನಿಗೆ ದಂಡೆತ್ತಿ ಹೋದ. ಮುಸ್ಲಿಮರ ವಿರುದ್ಧ ಧರ್ಮಯುದ್ಧ ಅಂದುಕೊಳ್ಳಬೇಡಿ, ಅವನನ್ನು ಕರೆದದ್ದೇ ಒಬ್ಬ ಮುಸ್ಲಿಂ ಅಧಿಪತಿ. ಬಾರ್ಸಿಲೋನಾದ ಸುಲೈಮಾನ್ ಅಲ್ ಅರಬಿಗೆ ಕಾರ್ಡೋಬಾದ ಅಮೀರನ ಜೊತೆ ಹಗೆ ಇತ್ತು. ಅವನಿಗೆ ಬೆಂಬಲ ಬೇಕಿತ್ತು, ಇವನಿಗೆ ನೆಲ ಬೇಕಿತ್ತು. ಶುದ್ಧ ರಾಜಕೀಯ ಮೈತ್ರಿ.

ಲೆಕ್ಕ ತಪ್ಪಿತು. ಝರಗೋಝಾ ನಗರ ಬಾಗಿಲು ತೆರೆಯಲಿಲ್ಲ. ವಾಪಸು ಬರುವಾಗ ಷಾರ್ಲಮಾನ್ ಬಾಸ್ಕ್ ಜನರ ಊರಾದ ಪಾಂಪ್ಲೋನಾದ ಕೋಟೆಗೋಡೆ ಕೆಡವಿಸಿದ. ಆಗಸ್ಟ್ 15ರಂದು ಬೆಟ್ಟದ ಕಣಿವೆಯಲ್ಲಿ ಅವನ ಸೇನೆಯ ಹಿಂಬದಿಯ ತುಕಡಿ ಸಾಗುತ್ತಿದ್ದಾಗ ಬಾಸ್ಕರು ಮೇಲಿಂದ ಎರಗಿ ಸದೆಬಡಿದರು. ಸತ್ತವರಲ್ಲಿ ರೋಲಾಂಡ್ ಎಂಬ ಗಡಿನಾಡ ಅಧಿಕಾರಿಯೂ ಇದ್ದ.

ಇದನ್ನು ಬರೆದಿಟ್ಟವನು ಷಾರ್ಲಮಾನ್‌ನ ಆಸ್ಥಾನದಲ್ಲೇ ಇದ್ದ ಐನ್‌ಹಾರ್ಡ್. ದೊರೆಯ ಜೀವನಚರಿತ್ರೆ ಬರೆದವನು, ಅಂದರೆ ಹೊಗಳಲು ಕೂತವನು. ಅವನೇ ಆ ಕಣಿವೆಯಲ್ಲಿ ಎರಗಿದವರು ಬಾಸ್ಕರು ಅನ್ನುತ್ತಾನೆ. ಆ ಭಾಗದಲ್ಲಿ ಮುಸ್ಲಿಮರ ಹೆಸರೇ ಇಲ್ಲ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾನೆ: ದಾಳಿ ಮಾಡಿದವರು ಕತ್ತಲಲ್ಲಿ ಚದುರಿಹೋದ್ದರಿಂದ ಆಗ ಸೇಡು ತೀರಿಸಿಕೊಳ್ಳಲು ಆಗಲಿಲ್ಲ.

ಈ ತೀರದ ಸೇಡನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಹುಟ್ಟುವುದು ಅಲ್ಲಿಂದಲೇ.

ಮುನ್ನೂರು ವರ್ಷದ ನಂತರ

ಸುಮಾರು 1100ರ ಹೊತ್ತಿಗೆ ಹಳೆಯ ಫ್ರೆಂಚಿನಲ್ಲಿ 'ರೋಲಾಂಡನ ಹಾಡು' ರೂಪುಗೊಂಡಿತು. ಸುಮಾರು 4,000 ಸಾಲಿನ ಕಾವ್ಯ. ಅದು ಪೋಪ್ ಕರೆಗೆ ಓಗೊಟ್ಟು ಸೈನ್ಯಗಳು ಜೆರುಸಲೇಮಿಗೆ ಹೊರಟಿದ್ದ ಮೊದಲ ಕ್ರುಸೇಡಿನ ಕಾಲ. ಕಾವ್ಯದಲ್ಲಿ ಬಾಸ್ಕರು ಮಾಯವಾಗಿದ್ದಾರೆ. ಅವರ ಜಾಗದಲ್ಲಿ ನಾಲ್ಕು ಲಕ್ಷ ಸಾರಸೆನ್ನರು, ಅಂದರೆ ಮುಸ್ಲಿಮರು ನಿಂತಿದ್ದಾರೆ. ರೋಲಾಂಡ್ ಷಾರ್ಲಮಾನ್‌ನ ಸೋದರಳಿಯನಾಗಿದ್ದಾನೆ. ಸೋಲಿಗೆ ಕಾರಣ ಬೇಕಲ್ಲ? ಗಾನೆಲನ್ ಎಂಬ ಮನೆಮುರುಕ ದ್ರೋಹಿ ಹುಟ್ಟಿದ್ದಾನೆ. ತೀರದೇ ಉಳಿದಿದ್ದ ಸೇಡಂತೂ ಭರ್ಜರಿಯಾಗಿ ತೀರುತ್ತದೆ. ಷಾರ್ಲಮಾನ್ ಸೇಡು ತೀರಿಸಿಕೊಳ್ಳಲಿ ಅಂತ ದೇವರು ಸೂರ್ಯನನ್ನೇ ಆಕಾಶದಲ್ಲಿ ತಡೆದು ನಿಲ್ಲಿಸುತ್ತಾನೆ.

ಹಾಡಿದವರಿಗೆ ಮುಸ್ಲಿಮರ ಬಗ್ಗೆ ಎಷ್ಟು ಗೊತ್ತಿತ್ತು? ಆ ಕಾವ್ಯದ ಮುಸ್ಲಿಮರು ವಿಗ್ರಹ ಪೂಜಿಸುತ್ತಾರೆ! ಪ್ರವಾದಿ ಮುಹಮ್ಮದರು, ಗ್ರೀಕರ ಅಪೋಲೋ, ತೆರ್ವಗಾನ್ ಎಂಬ ಕಲ್ಪಿತ ದೇವರು, ಈ ಮೂವರ ಮೂರ್ತಿಗಳು ಅವರಿಗೆ ದೇವರು. ಇಸ್ಲಾಂ ಬಗ್ಗೆ ಇದಕ್ಕಿಂತ ತಿರುವುಮುರುವಾದ ಚಿತ್ರ ಇರಲಾರದು. ಶತ್ರುವನ್ನು ತಿಳಿದು ದ್ವೇಷಿಸಿದ್ದಲ್ಲ ಇದು. ದ್ವೇಷಿಸಲು ಒಂದು ಆಕಾರ ಬೇಕಿತ್ತು, ಮಾಡಿಕೊಂಡರು.

ಇನ್ನು ನಿಜವಾದ ಷಾರ್ಲಮಾನ್? ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಕಳಿಸಿದ ಅಬುಲ್ ಅಬ್ಬಾಸ್ ಎಂಬ ಆನೆ 802ರಲ್ಲಿ ಅವನ ರಾಜಧಾನಿ ಆಖೆನ್ ತಲುಪಿತ್ತು. ಹಾಡಿನಲ್ಲಿ ಆ ಸ್ನೇಹಕ್ಕೆ ಜಾಗವಿಲ್ಲ.

ಸತ್ಯ ಎಲ್ಲೂ ಕಳೆದುಹೋಗಿರಲಿಲ್ಲ

'ಆ ಕಾಲದಲ್ಲಿ ಜನರಿಗೆ ನಿಜ ಗೊತ್ತಿರಲಿಲ್ಲ, ಪಾಪ' ಅನ್ನೋಣವೇ? ಹಾಗೆ ಅನ್ನುವಂತಿಲ್ಲ. ಐನ್‌ಹಾರ್ಡನ ಪುಸ್ತಕ ಮಧ್ಯಯುಗದ ಉದ್ದಕ್ಕೂ ಮಠಗಳಲ್ಲಿ ಮತ್ತೆ ಮತ್ತೆ ಪ್ರತಿಯಾಗುತ್ತಲೇ ಇತ್ತು, ಓದುವವರು ಓದುತ್ತಲೇ ಇದ್ದರು. ಹಾಡೂ ಹಬ್ಬುತ್ತಲೇ ಇತ್ತು. ಎರಡೂ ಒಂದರ ಪಕ್ಕ ಒಂದು ಶತಮಾನಗಟ್ಟಲೆ ಬದುಕಿದವು. ದಾಖಲೆ ಇದೆ ಅನ್ನುವ ಕಾರಣಕ್ಕೆ ಹಾಡು ನಿಲ್ಲಲಿಲ್ಲ.

ಆಧುನಿಕ ಕಾಲವೂ ಇದಕ್ಕಿಂತ ಮೇಲಾಗಿರಲಿಲ್ಲ. 1837ರಲ್ಲಿ ಆಕ್ಸ್‌ಫರ್ಡ್ ಹಸ್ತಪ್ರತಿ ಮೊದಲ ಸಲ ಅಚ್ಚಾಯಿತು. 1870ರ ಡಿಸೆಂಬರಿನಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ಸನ್ನು ಮುತ್ತಿದ್ದಾಗ, ವಿದ್ವಾಂಸ ಗಾಸ್ತೋನ್ ಪಾರಿ ಕಾಲೇಜ್ ದ ಫ್ರಾನ್ಸಿನಲ್ಲಿ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ ರೋಲಾಂಡನ ಹಾಡು ಮತ್ತು ಫ್ರೆಂಚ್ ರಾಷ್ಟ್ರೀಯತೆ. ಮುಂದಿನ ದಶಕಗಳಲ್ಲಿ ಅದು ಶಾಲಾ ಪಠ್ಯವಾಯಿತು. ಸೋತ ದೇಶಕ್ಕೆ ಸೋತೂ ಗೆದ್ದ ವೀರ ಬೇಕಿತ್ತು. ಈ ಸಲ ಕೇಳುಗರ ಮನಸ್ಸಿನಲ್ಲಿದ್ದ ಶತ್ರು ಮುಸ್ಲಿಮನಲ್ಲ, ಜರ್ಮನಿಯವನು.

ಬಾಸ್ಕರ ಕಡೆಯೂ ನೋಡಿ. 1830ರ ದಶಕದಲ್ಲಿ ರೋಲಾಂಡನ ಮೇಲಿನ ಬಾಸ್ಕ್ ವಿಜಯದ 'ಪ್ರಾಚೀನ' ಹಾಡೊಂದು ಬೆಳಕಿಗೆ ಬಂತು. ಮೆಚ್ಚಿದರು, ಹಾಡಿದರು. ಆಮೇಲೆ ಗೊತ್ತಾಯಿತು: ಅದನ್ನು ಅದೇ ಕಾಲದಲ್ಲಿ ಫ್ರೆಂಚಿನಲ್ಲಿ ಬರೆದು ಬಾಸ್ಕ್ ಭಾಷೆಗೆ ಅನುವಾದ ಮಾಡಿಸಲಾಗಿತ್ತು. ಇತಿಹಾಸ ತಮ್ಮ ಪರವಾಗಿಯೇ ಇದ್ದವರಿಗೂ ಅದಕ್ಕೊಂದು ಹಾಡು ಬೇಕಾಯಿತು.

ಹಾಗಾದರೆ ಕತೆ ತಿರುಗಿದ್ದು ಹೇಗೆ?

ತಿರುಗಿದೆ, ಹಲವು ಸಲ. ಆದರೆ ಸತ್ಯಶೋಧನೆಯಿಂದ ಅಲ್ಲ, ಮರುಹೇಳಿಕೆಯಿಂದ.

ಜರ್ಮನಿಯ ಬ್ರೆಮೆನ್ ನಗರದ ಚೌಕದಲ್ಲಿ 1404ರಿಂದ ರೋಲಾಂಡನ ಕಲ್ಲಿನ ಪ್ರತಿಮೆ ನಿಂತಿದೆ. ಮುಖ ಇರುವುದು ಕ್ಯಾಥೆಡ್ರಲ್ ಕಡೆಗೆ. ಆ ಊರಿನ ವರ್ತಕರಿಗೂ ಆರ್ಚ್‌ಬಿಷಪ್ಪನಿಗೂ ಜಗಳ. ಊರು ಯಾರದು, ಅಧಿಕಾರ ಯಾರದು ಎಂಬ ಜಗಳ. 1366ರಲ್ಲಿ ಆರ್ಚ್‌ಬಿಷಪ್ಪನ ಕಡೆಯವರು ಅಲ್ಲಿದ್ದ ಮರದ ರೋಲಾಂಡನನ್ನು ಸುಟ್ಟುಹಾಕಿದ್ದರು. ಊರವರು ಕಲ್ಲಿನಲ್ಲಿ ಕಟ್ಟಿದರು. ಚರ್ಚಿಗಾಗಿ ಸತ್ತ ವೀರ ಇಲ್ಲಿ ಚರ್ಚಿನ ಅಧಿಕಾರದ ಎದುರು ನಾಗರಿಕರ ಸ್ವಾತಂತ್ರ್ಯಕ್ಕೆ ಕಾವಲು ನಿಂತ!

ಇಟಲಿಯಲ್ಲಿ ಕವಿ ಆರಿಯೋಸ್ಟೊ ಇನ್ನೂ ಮುಂದೆ ಹೋದ. 1516ರಲ್ಲಿ ಮೊದಲು ಪ್ರಕಟವಾಗಿ 1532ರಲ್ಲಿ ಪೂರ್ಣರೂಪ ಪಡೆದ ಅವನ ಕಾವ್ಯದಲ್ಲಿ ರೋಲಾಂಡನ ಹೆಸರು ಒರ್ಲಾಂಡೊ. ಆತ ಪ್ರೀತಿಸಿದ ಕ್ಯಾಥೆ ದೇಶದ ರಾಜಕುಮಾರಿ ಆಂಜೆಲಿಕಾ ಇವನನ್ನು ಬಿಟ್ಟು ಮೆದೋರೊ ಎಂಬ ಸಾಮಾನ್ಯ ಮುಸ್ಲಿಂ ಕಾಲಾಳನ್ನು ಮದುವೆಯಾಗುತ್ತಾಳೆ. ಮಹಾವೀರನಿಗೆ ತಲೆ ಕೆಡುತ್ತದೆ. ಕಳೆದುಹೋದ ಬುದ್ಧಿಯನ್ನು ತರಲು ಗೆಳೆಯ ಚಂದ್ರಲೋಕಕ್ಕೆ ಹೋಗಬೇಕಾಗುತ್ತದೆ. ಅದೇ ಕಾವ್ಯದಲ್ಲಿ ಸಾರಸೆನ್ನರ ಪಾಳೆಯದ ವೀರ ರುಜೇರೊ, ಕ್ರೈಸ್ತರ ವೀರವನಿತೆ ಬ್ರಾಡಮಾಂಟೆ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ರುಜೇರೊ ಕೊನೆಗೆ ಮತಾಂತರ ಆಗುತ್ತಾನೆ ನಿಜ, ಕವಿ ತನ್ನ ಕಾಲವನ್ನು ಪೂರ್ತಿ ದಾಟಿದವನಲ್ಲ. ಆದರೂ ತನ್ನ ಪೋಷಕರಾದ ಎಸ್ತೆ ದೊರೆಗಳ ವಂಶದ ಮೂಲವನ್ನು ಆತ ಕಟ್ಟಿದ್ದು ಈ ಜೋಡಿಯಿಂದ. ಶತ್ರುಪಾಳೆಯದವನು ಮೂಲಪುರುಷನಾದ.

ಸಿಸಿಲಿಯ ಸೂತ್ರದ ಬೊಂಬೆಯಾಟಕ್ಕೆ 2001ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. ಅಲ್ಲಿನ ಕೂಲಿಕಾರ್ಮಿಕ ಪ್ರೇಕ್ಷಕರಿಗೆ ಒರ್ಲಾಂಡೊಗಿಂತ ದೊರೆಗೆ ಎದುರು ಮಾತಾಡುವ ರಿನಾಲ್ಡೊ ಮೇಲೆ ಹೆಚ್ಚು ಮಮತೆ. ದ್ರೋಹಿ ಗಾನೋ ರಂಗಕ್ಕೆ ಬಂದರೆ ಬೈದು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು.

ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ತೋಮೆ ದ್ವೀಪ 1975ರವರೆಗೆ ಪೋರ್ಚುಗೀಸರ ವಸಾಹತು. ಅಲ್ಲಿನ ಜನ ಇಂದಿಗೂ ಆಡುವ 'ಚಿಲೋಲಿ' ನಾಟಕದಲ್ಲಿರುವುದು ಇದೇ ಷಾರ್ಲಮಾನ್. ಆದರೆ ಮುಸ್ಲಿಮರ ಜೊತೆಗಿನ ಯುದ್ಧ ಅದರ ವಸ್ತುವಲ್ಲ. ಚಕ್ರವರ್ತಿಯ ಮಗನೇ ಕೊಲೆ ಮಾಡಿದ್ದಾನೆ, ಸತ್ತವನ ಕಡೆಯವರು ನ್ಯಾಯ ಕೇಳಲು ಆಸ್ಥಾನಕ್ಕೆ ಬಂದಿದ್ದಾರೆ. ದೊರೆ ಸ್ವಂತ ಮಗನಿಗೆ ಶಿಕ್ಷೆ ಕೊಡುತ್ತಾನೋ ಇಲ್ಲವೋ? ವಸಾಹತಿನ ಕಪ್ಪು ಜನ ಮುಖವಾಡ ತೊಟ್ಟು ಯುರೋಪಿನ ಚಕ್ರವರ್ತಿಯ ಮುಂದೆ ಈ ಪ್ರಶ್ನೆ ಇಟ್ಟರು ಅಂದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಪೋರ್ಚುಗೀಸರ ಹಡಗಿನಲ್ಲೇ ಈ ಕತೆ ನಮ್ಮ ಪಕ್ಕದ ಕೇರಳಕ್ಕೂ ಬಂತು. ಕೊಚ್ಚಿ ಆಸುಪಾಸಿನ ಕರಾವಳಿಯ ಲ್ಯಾಟಿನ್ ಕ್ರೈಸ್ತರ 'ಚವಿಟ್ಟು ನಾಟಕ'ದಲ್ಲಿ 'ಕಾರಲ್‌ಮಾನ್ ಚರಿತಂ' ಹೆಸರಾದ ಪ್ರಸಂಗ. ಹಲಗೆಯ ರಂಗವನ್ನು ಕಾಲಿನಿಂದ ಒದ್ದು ಕುಣಿಯುತ್ತಾ ತಮಿಳು ಬೆರೆತ ಭಾಷೆಯಲ್ಲಿ ಹಾಡುವ ಷಾರ್ಲಮಾನ್! ಇಲ್ಲಿ ಹಳೆಯ ಶತ್ರು ಹಾಗೇ ಉಳಿದಿದ್ದಾನೆ. ಎಲ್ಲ ಮರುಹೇಳಿಕೆಯೂ ಕತೆಯನ್ನು ತಿರುಗಿಸುತ್ತದೆ ಅಂತೇನಿಲ್ಲ.

ನಮ್ಮೂರಿನ ಪಾಠ

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಸೇನೆಗೆ ಬಿದ್ದಾಗ ಟಿಪ್ಪು ಸತ್ತ. ದಾಖಲೆಗಳು ಹೇಳುವುದು ಇದನ್ನೇ. 2022ರಲ್ಲಿ ಮೈಸೂರು ರಂಗಾಯಣದಿಂದ 'ಟಿಪ್ಪು ನಿಜಕನಸುಗಳು' ನಾಟಕ ಬಂತು. ಉರಿಗೌಡ, ನಂಜೇಗೌಡ ಎಂಬ ಇಬ್ಬರು ಟಿಪ್ಪುವನ್ನು ಕೊಂದರು ಎಂಬ ವಾದ ದೊಡ್ಡದಾಯಿತು. 2023ರ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ ಬಿಜೆಪಿ ನಾಯಕರು ಅದನ್ನು ವೇದಿಕೆಗೆ ತಂದರು. ಪ್ರಧಾನಿ ಬರುವ ಹೊತ್ತಿಗೆ ಮಂಡ್ಯದಲ್ಲಿ ಆ ಹೆಸರಿನ ಕಮಾನು ಎದ್ದಿತು, ಆಮೇಲೆ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ಮುನಿರತ್ನ ಸಿನಿಮಾ ಮಾಡುತ್ತೇನೆ ಅಂದರು.

ತಂತ್ರ ಅದೇ. ಕೊಂದ ಬ್ರಿಟಿಷರನ್ನು ಚಿತ್ರದಿಂದ ತೆಗೆಯಿರಿ, ಇವತ್ತಿನ ರಾಜಕೀಯಕ್ಕೆ ಬೇಕಾದ ಇಬ್ಬರನ್ನು ಅಲ್ಲಿ ಕೂರಿಸಿ. ಇಂಗ್ಲಿಷರ ವಿರುದ್ಧದ ಯುದ್ಧ, ನೆರೆಹೊರೆಯ ಎರಡು ಸಮುದಾಯಗಳ ಯುದ್ಧವಾಗಿಬಿಡುತ್ತದೆ.

ಆದರೆ ಈ ಸಲ ಅದು ನಡೆಯಲಿಲ್ಲ. ಯಾಕೆ? ಇತಿಹಾಸಕಾರರು ದಾಖಲೆ ಎಲ್ಲಿ ಅಂತ ಕೇಳಿದರು, ಅದು ಬೇಕಿತ್ತು. ಆದರೆ ನಿರ್ಣಾಯಕವಾದದ್ದು ಬೇರೆ. ಆ ಕತೆ ಯಾವ ಸಮುದಾಯವನ್ನು ಮೆಚ್ಚಿಸಲು ಹುಟ್ಟಿತ್ತೋ ಅದೇ ಒಕ್ಕಲಿಗ ಸಮುದಾಯದ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಪುರಾವೆ ಇಲ್ಲದೆ ಮುಂದುವರಿಯಬೇಡಿ ಅಂದರು. ಮುನಿರತ್ನ ಅವರು ಸ್ವಾಮೀಜಿಯವರನ್ನು ಕಂಡು ಬಂದು ಸಿನಿಮಾ ಕೈಬಿಟ್ಟರು. ಯಾರಿಗೆ ಹಾರ ಹಾಕಲು ಬಂದಿದ್ದರೋ ಅವರೇ ಕೊರಳು ಕೊಡಲಿಲ್ಲ.

ದ್ವೇಷದ ಐತಿಹ್ಯಗಳನ್ನು ಎದುರಿಸುವವರು ಇದನ್ನು ಗಮನಿಸಬೇಕು. ವಾಟ್ಸಾಪಿನಲ್ಲಿ ಬಂದ ಕತೆಗೆ ಫ್ಯಾಕ್ಟ್‌ಚೆಕ್ ಲಿಂಕ್ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಐನ್‌ಹಾರ್ಡನ ಪುಸ್ತಕವೂ ಒಂದು ಫ್ಯಾಕ್ಟ್‌ಚೆಕ್ಕೇ, ಹಾಡಿಗಿಂತ ಮೊದಲೇ ಬರೆದದ್ದು. ಅದು ಬೇಕು, ಅದಿಲ್ಲದಿದ್ದರೆ ಬಾಸ್ಕರ ಹೆಸರೇ ನಮಗೆ ಸಿಗುತ್ತಿರಲಿಲ್ಲ. ಆದರೆ ಅದೊಂದೇ ಸಾಲದು. ತೀರದ ಸೇಡು, ಸೋಲಿನ ಅವಮಾನ, ದೊಡ್ಡದೊಂದರ ಭಾಗವಾಗುವ ಆಸೆ, ಹಾಡು ಮುಟ್ಟುವುದು ಇವುಗಳನ್ನು. ಇವಕ್ಕೆ ದಾಖಲೆಯಲ್ಲಿ ಉತ್ತರ ಇರುವುದಿಲ್ಲ.

ಉತ್ತರ ಇರುವುದು ಇನ್ನೊಂದು ಹೇಳಿಕೆಯಲ್ಲಿ. ಶತ್ರುವನ್ನು ನೆರೆಮನೆಯಿಂದ ತೆಗೆದು ಅಧಿಕಾರದ ಕುರ್ಚಿಯ ಕಡೆ ತೋರಿಸಿದ ಬ್ರೆಮೆನ್ ವರ್ತಕರ ಹಾಗೆ, ಸಾವೊ ತೋಮೆಯ ನಟರ ಹಾಗೆ. ಕನ್ನಡದಲ್ಲಿ ಟಿಪ್ಪುವಿನ ಬಗ್ಗೆ ಲಾವಣಿಗಳಿವೆ, ಗಿರೀಶ ಕಾರ್ನಾಡರ ನಾಟಕ ಇದೆ. ಅವುಗಳನ್ನು ಹಾಡಿಸುವ, ಆಡಿಸುವ ಕೆಲಸ ಎಷ್ಟು ನಡೆದಿದೆ? ಆ ಜಾಗ ಖಾಲಿ ಬಿಟ್ಟರೆ ಮುಂದಿನ ಚುನಾವಣೆಗೆ ಮತ್ತೊಂದು ಕಮಾನು ಏಳುತ್ತದೆ. ಪ್ರತಿ ಸಲವೂ ಒಬ್ಬ ಸ್ವಾಮೀಜಿ ಬೇಡ ಅನ್ನುತ್ತಾರೆ ಅಂತ ಕಾದು ಕೂರಲು ಆಗುವುದಿಲ್ಲ.