ಗುಬ್ಬಿ ಸೀಮೆಯ ಗುಡಿಗಳು ಮತ್ತು ಬೀಗದ ಕೈಯ ಖರ್ಚು

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಂಗಳೂರಿನಿಂದ ತುಮಕೂರು, ತಿಪಟೂರು ಮಾರ್ಗವಾಗಿ ಹಳೇಬೀಡಿಗೆ ಹೊರಟ ಪ್ರವಾಸಿಗರು ಗುಬ್ಬಿಯಲ್ಲಿ ನಿಲ್ಲುವುದು ಹೆಚ್ಚೆಂದರೆ ಕಾಫಿ-ತಿಂಡಿಗೆ. ಅದೇ ಹೆದ್ದಾರಿಯ ನಿಟ್ಟೂರಿನಲ್ಲಿ 12ನೆಯ ಶತಮಾನದ ಶಾಂತೀಶ್ವರ ಬಸದಿಯಿದೆ ಎಂಬುದನ್ನು ಅವರಿಗೆ ಹೇಳುವವರಿಲ್ಲ. ಗುಬ್ಬಿಯಿಂದ ಒಳದಾರಿ ಹಿಡಿದರೆ ಕಡಬ ಸಿಗುತ್ತದೆ. ಅಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ, ಹಳೆಯ ಗುಡಿಗಳು, ಲಂಕೆಯಿಂದ ಮರಳುತ್ತಿದ್ದ ಶ್ರೀರಾಮನ ಅಪ್ಪಣೆಯಂತೆ ಆ ಕೆರೆಯಾಯಿತೆಂಬ ಸ್ಥಳಪುರಾಣ, ಎಲ್ಲವೂ ಇವೆ.

ಇಂತಹ ಗ್ರಾಮೀಣ ಸ್ಥಳಗಳಿಗೆ ಹೋದವರ ಸಾಮಾನ್ಯ ಅನುಭವ ಒಂದೇ. ಬಾಗಿಲಿಗೆ ಬೀಗ. ಬೀಗದ ಕೈ ಅರ್ಚಕರ ಮನೆಯಲ್ಲಿ, ಅರ್ಚಕರು ತೋಟದಲ್ಲಿ. ಅವರು ಬಂದ ಮೇಲೆ ಮಾತ್ರ ಅಕ್ಕರೆಯಿಂದ ಎಲ್ಲವನ್ನೂ ತೋರಿಸುತ್ತಾರೆ. ಆ ಎರಡು ಗಂಟೆಯ ಕೆಲಸಕ್ಕೆ ಯಾರ ಲೆಕ್ಕದಲ್ಲಿಯೂ ಸಂಬಳವಿಲ್ಲ. ಜೀರ್ಣೋದ್ಧಾರಕ್ಕೆಂದು ಆಗೊಮ್ಮೆ ಈಗೊಮ್ಮೆ ಲಕ್ಷಗಟ್ಟಲೆ ಹಣ ಮಂಜೂರಾಗುವುದುಂಟು. ಬೀಗ ತೆಗೆಯುವವನ, ಕಸ ಗುಡಿಸುವವನ ಖರ್ಚಿಗೆ ಮಾತ್ರ ಹಣವಿರುವುದಿಲ್ಲ. ಬಂಡವಾಳ ವೆಚ್ಚಕ್ಕೆ ದಾನಿಗಳು ಸಿಗುತ್ತಾರೆ, ಆವರ್ತಕ ವೆಚ್ಚಕ್ಕೆ ಸಿಗುವುದಿಲ್ಲ. ವಾಣಿಜ್ಯ ಬಲ್ಲವರು ಗಮನಿಸಬೇಕಾದ ಅಂಶ ಇದು.

ಗುಡಿ ಕಟ್ಟಿಸಿದವರು ಈ ತಪ್ಪು ಮಾಡಿರಲಿಲ್ಲ. ಕಡಬದಲ್ಲಿ ದೊರೆತ ತಾಮ್ರಪಟಗಳು ಶಕ 735ರ, ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನವು. ಲೂಯಿ ರೈಸ್ ಅವರು 1904ರ ತುಮಕೂರು ಶಾಸನ ಸಂಪುಟದಲ್ಲಿ ಇವನ್ನು ಸೇರಿಸಿದ್ದಾರೆ. ಇವುಗಳ ಸಾಚಾತನವನ್ನು ಶಂಕಿಸಿದ ವಿದ್ವಾಂಸರೂ ಇದ್ದಾರೆ. ಆದರೂ ದಾನದ ಕ್ರಮ ಮಾತ್ರ ಸ್ಪಷ್ಟವಾಗಿದೆ. ಜಿನಾಲಯವೊಂದಕ್ಕಾಗಿ ಅರ್ಕಕೀರ್ತಿ ಮುನಿಗೆ ಕೊಟ್ಟದ್ದು ರೊಕ್ಕವಲ್ಲ, ಜಾಲಮಂಗಲವೆಂಬ ಇಡೀ ಗ್ರಾಮ. ಕನ್ನಡನಾಡಿನ ದತ್ತಿ ಶಾಸನಗಳಲ್ಲಿ ಪದೇ ಪದೇ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತಿಗೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು ಎಂದರ್ಥ. ದುರಸ್ತಿಯ ಖರ್ಚನ್ನು ದಾನದ ದಿನವೇ ಯೋಚಿಸಿ, ಬೆಲೆಯೇರಿದಂತೆ ತಾನೂ ಏರುವ ಭೂಮಿಯ ಹುಟ್ಟುವಳಿಗೆ ಅದನ್ನು ಜೋಡಿಸಿದ್ದರು.

1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯಿದೆಯ ನಂತರ ಇಂತಹ ಭೂಮಿಗಳು ಕೈಬಿಟ್ಟು, ಅವುಗಳ ಬದಲಿಗೆ ನಗದು ತಸ್ತೀಕ್ ಬಂದಿತು. ಉಳುವವನಿಗೆ ನೆಲ ದೊರೆತದ್ದು ನ್ಯಾಯವೇ. ಆದರೆ ಸರ್ಕಾರ ಪರಿಷ್ಕರಿಸದ ಹೊರತು ತಸ್ತೀಕ್ ಏರುವುದಿಲ್ಲ, ಎಣ್ಣೆಯ ಬೆಲೆ ಯಾರಿಗೂ ಕಾಯುವುದಿಲ್ಲ.

ಈಗಿನ ಸಿ.ಎಸ್.ಆರ್. ನಿಯಮಗಳ ಗತಿಯೂ ವಿಚಿತ್ರ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಪರಂಪರೆಯ ರಕ್ಷಣೆಗೆ ಅವಕಾಶವಿದೆ, 135ನೆಯ ಕಲಮು ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ಆದ್ಯತೆಯನ್ನು ಕೇಳುವ ಹಕ್ಕು ಇಲ್ಲಿನವರಿಗಿದೆ. ಆದರೆ ಮುಂದುವರಿಯುವ ಯೋಜನೆಗೆ ಆರಂಭದ ವರ್ಷವನ್ನು ಬಿಟ್ಟು ಮೂರೇ ವರ್ಷದ ಮಿತಿ. 2021ರ ಜನವರಿಯಿಂದೀಚೆಗೆ ಮೂಲನಿಧಿಗೆ ಕೊಟ್ಟ ಹಣವನ್ನು ಸಿ.ಎಸ್.ಆರ್. ವೆಚ್ಚವೆಂದು ಪರಿಗಣಿಸುವಂತಿಲ್ಲ. ದುರುಪಯೋಗ ತಡೆಯಲು ಬಂದ ನಿಯಮವಿರಬಹುದು. ಸಂರಕ್ಷಿತ ಸ್ಮಾರಕಗಳ ಮಟ್ಟಿಗಾದರೂ ವಿನಾಯಿತಿ ಬೇಕೆಂದು ವಾಣಿಜ್ಯ ಸಂಸ್ಥೆಗಳು ಕೇಂದ್ರಕ್ಕೆ ಮನವಿ ಸಲ್ಲಿಸುವುದು ಉಚಿತ.

ಜಿಲ್ಲೆಯ ಅಡಿಕೆ, ಕೊಬ್ಬರಿ, ಅಕ್ಕಿ ಗಿರಣಿಯ ವರ್ತಕರಲ್ಲಿ ಹೆಚ್ಚಿನವರಿಗೆ ಈ ಕಲಮು ಅನ್ವಯಿಸುವುದಿಲ್ಲ, ಆದ್ದರಿಂದ ಈ ನಿರ್ಬಂಧವೂ ಅವರಿಗಿಲ್ಲ. ಹತ್ತು ಲಕ್ಷ ರೂಪಾಯಿಯ ಠೇವಣಿಗೆ ಶೇ. 6ರ ಬಡ್ಡಿಯೆಂದರೂ ತಿಂಗಳಿಗೆ 5,000 ರೂಪಾಯಿ. ಇಡಿಯಾಗಿ ಖರ್ಚು ಮಾಡಿದರೆ ಇದೂ ತಸ್ತೀಕ್‌ನಂತೆಯೇ ಸವೆಯುತ್ತದೆ. ಒಂದು ಪಾಲನ್ನು ವರ್ಷವರ್ಷವೂ ಅಸಲಿಗೆ ಸೇರಿಸಬೇಕು. ಉಳಿದುದರಲ್ಲಿ ಸ್ಥಳೀಯನೊಬ್ಬನಿಗೆ ಅರೆಕಾಲಿಕ ಸಂಭಾವನೆಯಾಗುತ್ತದೆ. ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಮೊದಲು ಒಂದೇ ಗುಡಿಯಲ್ಲಿ ಇದನ್ನು ಆರಂಭಿಸಬಹುದು. ಬೀಗದ ಕೈ ಇಟ್ಟುಕೊಂಡವನ ಹೆಸರು, ಫೋನ್ ಸಂಖ್ಯೆಯಿರುವ ಫಲಕವೊಂದನ್ನು ಹೆದ್ದಾರಿಯ ಬದಿಯಲ್ಲಿ ಹಾಕಿಸುವುದು ಆ ವರ್ಷದ ಮೊದಲ ಬಾಬತ್ತಾಗಲಿ.